ಕರೆಯೋ ಹೆಸರು

ನಮ್ಮೂರಿಗೆ ಹೊಸದಾಗಿ ಬರುವ ಅಂಚೆಯವರ ಪಾಡು ಯಾರಿಗೂ ಬೇಡ. ಕವರಿನ ಮೇಲೆ ಇನಿಷಿಯಲ್ಲು, ತಂದೆಯ ಹೆಸರು ಎಲ್ಲ ಅಚ್ಚುಕಟ್ಟಾಗಿರುತ್ತದೆ. ಆದರೆ ಅರಳಗುಪ್ಪೆಯಲ್ಲಿ ಆ ಹೆಸರಿನವರು ಯಾರೂ ಇರುವುದಿಲ್ಲ. ಜಗಲಿ ಮೇಲೆ ಕೂತವರು ಕವರನ್ನು ಹಿಂದುಮುಂದು ತಿರುಗಿಸಿ ನೋಡಿ, ‘ಈ ಹೆಸ್ರಿನೋರು ನಮ್ಮೂರಲ್ಲಿಲ್ಲ ಕಣಪ್ಪ’ ಎಂದು ವಾಪಸು ಕೊಡುತ್ತಾರೆ. ಕಾಗದ ಎಲ್ಲೈಸಿಯದೋ ಬ್ಯಾಂಕಿನದೋ, ಕಂತು ಕಟ್ಟದೆ ಇರುವವರು ಊರಲ್ಲಿ ಯಾರ್‍ಯಾರು ಎಂದು ವಿಚಾರಣೆ ನಡೆದು, ಕೊನೆಗೆ ಯಾರಿಗೋ ಹೊಳೆಯುತ್ತದೆ: ‘ಅಯ್ಯೋ, ನಮ್ ಮೆಳ್ಳಗಣ್ಣಪ್ಪಂದು ಕಣ್ರೋ!’

ಮೆಳ್ಳಗಣ್ಣಪ್ಪ, ಕುಳ್ಳಯ್ಯ, ಉಬ್ಬಲ್ಲಣ್ಣ, ಸೊಟ್ಟಮೂತಿ ಅಕ್ಕ. ಮೊದಲು ಅವಮಾನ, ಆಮೇಲೆ ಅಪ್ಪ, ಅಯ್ಯ, ಅಣ್ಣ, ಅಕ್ಕ ಎಂಬ ಮರ್ಯಾದೆ. ಒಂದೇ ಉಸಿರಿನಲ್ಲಿ ಬೈದು, ಅದೇ ಉಸಿರಿನಲ್ಲಿ ಕಾಲಿಗೆ ಬೀಳುವ ಈ ವ್ಯಾಕರಣವನ್ನು ನಮ್ಮ ತಿಪಟೂರು ಸೀಮೆಯವರು ಯಾವ ಶಾಲೆಯಲ್ಲೂ ಕಲಿಯಲಿಲ್ಲ. ಇನ್ನು ಹುಟ್ಟಿದ ಮಕ್ಕಳು ಉಳಿಯದ ಮನೆಗಳಲ್ಲಿ ಬೇಕೆಂದೇ ಕೆಟ್ಟ ಹೆಸರಿಡುತ್ತಿದ್ದರು. ಕೂಸನ್ನು ತಿಪ್ಪೆಯ ಮೇಲೆ ಒಂದು ಸಲ ಹೊರಳಿಸಿ ತಿಪ್ಪಯ್ಯ ಎಂದರು. ಹೆಣ್ಣಾದರೆ ಹುಚ್ಚಮ್ಮ. ಯಮ ಬಂದರೂ ಹೆಸರು ಕೇಳಿ ‘ಥೂ, ಇದ್ಯಾಕೆ ನನಗೆ’ ಎಂದು ಹೋಗಲಿ ಅಂತ. ಹಾಗೆ ಉಳಿದ ಹುಚ್ಚಮ್ಮಂದಿರು ಎಂಬತ್ತು ತೊಂಬತ್ತು ವರ್ಷ ಬಾಳಿ, ಊರಿನ ಬುದ್ಧಿವಂತರನ್ನೆಲ್ಲ ಮಣ್ಣು ಮಾಡಿ, ಆಮೇಲೆ ಹೊರಟರು.

ಆದ್ದರಿಂದ, ಯಾವ ಪದ ಆಡಬಾರದು, ಅದರ ಬದಲು ಏನು ಅನ್ನಬೇಕು ಎಂಬ ಚರ್ಚೆ ನಮ್ಮ ಸ್ಟೇಷನ್ ಹತ್ತಿರದ ಟೀ ಅಂಗಡಿಗೂ ಬಂದಾಗ ಊರು ಎರಡು ಭಾಗವಾಯಿತು. ಹಳೆಯದೇ ಚೆಂದ ಎನ್ನುವವರ ಮುಂದಾಳು ನಿವೃತ್ತ ಮೇಷ್ಟ್ರು. ‘ಈಗಿನೋರಿಗೆ ಮೈಯೆಲ್ಲ ಗಾಯ ಕಣಯ್ಯ. ಮುಟ್ಟಿದರೆ ನೋವು, ಮಾತಾಡಿದರೆ ಕೇಸು’ ಎಂಬುದು ಅವರ ವಾದ. ಎದುರು ಪಕ್ಷಕ್ಕೆ ಮುಂದಾಳು ಇರಲಿಲ್ಲ. ಮುಂದಾಳಾಗಬೇಕಾದವರು ಟೀ ಕುಡಿದು ಕೆಲಸಕ್ಕೆ ಹೋಗಿರುತ್ತಿದ್ದರು.

ಮೊದಲು ಸಲೂನಿನ ವಿಷಯ. ನಾನು ಹುಡುಗನಾಗಿದ್ದಾಗ ಊರಲ್ಲಿ ಸಲೂನಿರಲಿಲ್ಲ. ಕ್ಷೌರದವರು ಹಡಪ ಹಿಡಿದು ಮನೆಗೇ ಬರುತ್ತಿದ್ದರು. ಕೊಟ್ಟಿಗೆ ಪಕ್ಕದ ಹುಣಿಸೆ ಮರದ ಕೆಳಗೆ ಕೂರಿಸಿ, ನಮ್ಮ ತಲೆಯನ್ನು ಎರಡು ಮೊಣಕಾಲಿನ ನಡುವೆ ಸಿಕ್ಕಿಸಿಕೊಂಡರೆ, ಬಿಡುವಷ್ಟರಲ್ಲಿ ಬೇಸಿಗೆ ರಜೆಯ ಅರ್ಧ ಸಂತೋಷ ಉದುರಿಹೋಗಿರುತ್ತಿತ್ತು. ಕೂಲಿ ಎಂದರೆ ಸುಗ್ಗಿಯಲ್ಲಿ ಆಯ: ಇಷ್ಟು ರಾಗಿ, ಇಷ್ಟು ತೆಂಗಿನಕಾಯಿ. ಅವರ ಮಗ ‘ಹೇರ್ ಕಟಿಂಗ್ ಸಲೂನ್’ ಎಂಬ ಬೋರ್ಡು ಹಾಕಿದ. ಮೊಮ್ಮಗ ಅದನ್ನು ‘ಮೆನ್ಸ್ ಪಾರ್ಲರ್’ ಮಾಡಿ, ಗಿರ್ರನೆ ತಿರುಗುವ ಕುರ್ಚಿ ತಂದ. 2009ರಲ್ಲಿ ಶಾರುಖ್ ಖಾನರ ‘ಬಿಲ್ಲು ಬಾರ್ಬರ್’ ಸಿನಿಮಾ ಬರುವ ಹೊತ್ತಿಗೆ ಮುಂಬೈಯ ಕ್ಷೌರಿಕರು ಆಕ್ಷೇಪವೆತ್ತಿ, ಪೋಸ್ಟರುಗಳಲ್ಲಿ ‘ಬಾರ್ಬರ್’ ಮರೆಯಾಗಿ ಬರೀ ‘ಬಿಲ್ಲು’ ಉಳಿಯಿತಲ್ಲ, ಆಗ ಟೀ ಅಂಗಡಿಯಲ್ಲಿ ಬಿದ್ದುಬಿದ್ದು ನಕ್ಕರು. ನಮ್ಮಲ್ಲಿ ಸವಿತಾ ಸಮಾಜದವರು ಒಂದು ಮೂರಕ್ಷರದ ಪದವನ್ನು ಬೈಗುಳವಾಗಿ ಬಳಸಬೇಡಿ ಎಂದು ಬಹಳ ಕಾಲದಿಂದ ಕೇಳುತ್ತಿದ್ದಾರೆ. ಅದನ್ನಿಲ್ಲಿ ಬರೆದು ಸಂಪಾದಕರಿಗೆ ತೊಂದರೆ ಕೊಡುವುದಿಲ್ಲ. ನಿಮಗೆ ಗೊತ್ತು. ಗೊತ್ತಿರುವುದೇ ತಕರಾರು.

ಒಂದು ದಿನ ಮೊಮ್ಮಗನನ್ನೇ ಕೇಳಿದೆ. ಅವನು ಕತ್ತರಿ ನಿಲ್ಲಿಸದೆ ಹೇಳಿದ: ‘ಕೆಲ್ಸದ ಹೆಸ್ರಿಗೆ ನಂಗೇನ್ ಬೇಜಾರಣ್ಣ? ದಿನಾ ಮಾಡದೇ ಅದು. ಆದ್ರೆ ಎಲೆಕ್ಷನ್‌ನಲ್ಲಿ ಕಾಸು ಈಸ್ಕೊಂಡು ಓಟು ಹಾಕ್ದೇ ಇರೋನ್ಗೆ ಬೈಬೇಕಾದ್ರೆ ನಮ್ ಹೆಸ್ರು. ಸಾಲ ಎತ್ಕೊಂಡು ಓಡೋದೋನ್ಗೆ ನಮ್ ಹೆಸ್ರು. ಅವ್ರ್ಯಾರೂ ನಮ್ ಕೆಲ್ಸದೋರಲ್ಲ. ಕೊಬ್ರಿ ವ್ಯಾಪಾರದೋನು ತೂಕದಲ್ಲಿ ಹೊಡುದ್ರೆ, ಥೂ ಕೊಬ್ರಿ ವ್ಯಾಪಾರದೋನೇ ಅಂತ ಬೈರಿ, ನಂದೇನೂ ಅಡ್ಡಿಯಿಲ್ಲ.’ ಪಕ್ಕದ ಕುರ್ಚಿಯಲ್ಲಿ ಕೂತಿದ್ದವರು ಕೊಬ್ಬರಿ ವ್ಯಾಪಾರದವರೇ. ಕತ್ತಿನ ಮೇಲೆ ಕತ್ತಿ ಆಡುತ್ತಿದ್ದುದರಿಂದ ಚರ್ಚೆಗೆ ಇಳಿಯಲಿಲ್ಲ.

ಮೂರಕ್ಷರದ ಪದ ಬರೆಯಲಿಲ್ಲ, ನಿಜ. ಆದರೆ ಇನ್ನೊಂದನ್ನು ಬರೆಯಲೇಬೇಕು. ಅದು ನಮ್ಮಜ್ಜಿಯದು. ಮುಂಡೇದೆ.

ಅಜ್ಜಿ ಈ ಪದವನ್ನು ಬಳಸದೆ ಒಂದು ಬೆಳಗ್ಗೆಯೂ ಕಳೆಯಲಿಲ್ಲ. ಹಟ್ಟಿಗೆ ನುಗ್ಗಿದ ಕೋಳಿ ಮುಂಡೇದು, ಹಗ್ಗ ಬಿಚ್ಚಿಕೊಂಡ ಕರು ಮುಂಡೇದು, ನಡುರಾತ್ರಿ ಹೆಂಚಿನ ಮೇಲೆ ಧೊಪ್ಪೆಂದು ಬಿದ್ದ ಕಾಯಿ ಮುಂಡೇದು. ಪರೀಕ್ಷೆಯಲ್ಲಿ ಮೊದಲು ಬಂದ ನಾನೂ ಮುಂಡೇದು, ಡುಮ್ಕಿ ಹೊಡೆದ ನನ್ನ ತಮ್ಮನೂ ಮುಂಡೇದು. ಆದರೆ ಎರಡಕ್ಕೂ ರಾಗ ಬೇರೆ. ‘ಅಯ್ಯೋ ಮುಂಡೇದೇ’ ಎಂದು ಎಳೆದರೆ ಬೆಲ್ಲ ಕೊಬ್ಬರಿ ಕೈಗೆ ಬರುತ್ತಿತ್ತು. ‘ಮುಂಡೇದೆ!’ ಎಂದು ಕಡಿದರೆ ಬೆನ್ನಿಗೆ ಬರುತ್ತಿತ್ತು. ಹಳೇ ಮೈಸೂರಿನವರ ಕಿವಿಗೆ ಇದನ್ನು ವಿವರಿಸಬೇಕಿಲ್ಲ, ಉಳಿದವರಿಗೆ ವಿವರಿಸಿ ಸುಖವಿಲ್ಲ. ಮಾಸ್ಟರ್ ಹಿರಣ್ಣಯ್ಯನವರು ನಾಟಕದಲ್ಲಿ ‘ಮುಂಡೇವಾ’ ಎಂದರೆ, ಬೈಸಿಕೊಂಡ ಮಂತ್ರಿಗಳೇ ಮುಂದಿನ ಸಾಲಿನಲ್ಲಿ ಕೂತು ನಗುತ್ತಿದ್ದರು.

ಆ ಪದದ ಬೇರು ಎಲ್ಲಿದೆ ಎಂದು ಅಜ್ಜಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಕೈಗೂಸು ಇದ್ದಾಗಲೇ ಗಂಡನನ್ನು ಕಳೆದುಕೊಂಡವಳು. ಬದುವಿನ ಮೇಲಿದ್ದ ಒಂದು ತೆಂಗಿನ ಮರದ ಕಾಯಿ ಯಾರ ಕಡೆ ಬಿದ್ದರೆ ಯಾರಿಗೆ ಎಂಬ ಜಗಳದಲ್ಲಿ, ಪಕ್ಕದ ತೋಟದವರು ಒಂದು ಸಲ ಆ ಪದವನ್ನು ರಾಗವಿಲ್ಲದೆ, ಅದರ ಅಸಲು ಅರ್ಥದಲ್ಲೇ ಅವಳ ಮೇಲೆ ಎಸೆದರು. ಅಜ್ಜಿ ಉತ್ತರ ಕೊಡಲಿಲ್ಲ. ಮನೆಗೆ ಬಂದು ಕಾಲು ತೊಳೆದುಕೊಂಡು ರಾಗಿ ಬೀಸಲು ಕೂತಳು. ಆಮೇಲೆ ಕೆಲವು ದಿನ ಅವಳು ಯಾರನ್ನೂ ಬೈಯಲಿಲ್ಲ. ಮನೆಯಲ್ಲಿ ಸೂತಕದಂಥ ಮೌನ. ಕರುವಿಗೂ ಗೊಂದಲ, ಹಗ್ಗ ಬಿಚ್ಚಿಕೊಂಡು ಅಂಗಳದ ನಡುವೆ ನಿಂತು ಬೈಗುಳಕ್ಕೆ ಕಾಯುತ್ತಿತ್ತು. ಹಬ್ಬದ ದಿನ ಬೆಕ್ಕು ಒಬ್ಬಟ್ಟಿನ ಹೂರಣಕ್ಕೆ ಬಾಯಿ ಹಾಕಿದ ಮೇಲೆ ಪದ ವಾಪಸು ಬಂತು, ನಾವೆಲ್ಲ ಉಸಿರು ಬಿಟ್ಟೆವು.

2023ರ ಏಪ್ರಿಲ್‌ನಲ್ಲಿ ಮಹಾರಾಷ್ಟ್ರದ ಮಂತ್ರಿ ಮಂಗಲ್ ಪ್ರಭಾತ್ ಲೋಧಾ ಅವರು, ‘ವಿಧವೆ’ ಎಂಬುದರ ಬದಲು ‘ಗಂಗಾ ಭಾಗೀರಥಿ’ ಎಂದು ಬಳಸುವ ಪ್ರಸ್ತಾವ ಮುಂದಿಟ್ಟರು. ಅಲ್ಲಿನ ಮಹಿಳೆಯರೇ ವಿರೋಧಿಸಿದರು, ಗದ್ದಲವಾಯಿತು. ಅಜ್ಜಿ ಅಷ್ಟು ಹೊತ್ತಿಗೆ ತೀರಿಕೊಂಡು ಬಹಳ ಕಾಲವಾಗಿತ್ತು. ಇದ್ದಿದ್ದರೆ, ‘ಗಂಗೆ ಭಾಗೀರಥಿ ಹಂಗಿರ್ಲಿ, ಮೊದ್ಲು ಕೆರೆಗೆ ಹೇಮಾವತಿ ಬುಡ್ಸು ಅನ್ನು ಆ ಮುಂಡೇದಕ್ಕೆ’ ಎನ್ನುತ್ತಿದ್ದಳು. ಮದುವೆ ಮನೆಯಲ್ಲಿ ಅವಳು ನಿಲ್ಲುತ್ತಿದ್ದುದು ಕಂಬದ ಹಿಂದೆ. ಮಂತ್ರಾಕ್ಷತೆಯನ್ನು ಅಲ್ಲಿಂದಲೇ, ಯಾರ ಕಣ್ಣಿಗೂ ಬೀಳದ ಹಾಗೆ ಎಸೆಯುತ್ತಿದ್ದಳು. ಅದು ಬಂದು ಯಾವಾಗಲೂ ವಾಲಗದವರ ತಲೆಯ ಮೇಲೆ ಬೀಳುತ್ತಿತ್ತು. ಎರಡು ನದಿಗಳ ಹೆಸರನ್ನು ಒಟ್ಟಿಗೆ ಇಟ್ಟರೂ ಕಂಬದ ಮುಂದಕ್ಕೆ ಕರೆಯುತ್ತಿದ್ದರು ಎಂದು ನನಗನ್ನಿಸುವುದಿಲ್ಲ.

ಬೆಂಗಳೂರಿನಲ್ಲಿರುವ ನನ್ನ ಮಗಳು ಮೊಮ್ಮಗನ ಮುಂದೆ ಆ ಪದ ಆಡಕೂಡದು ಎಂದು ತಾಕೀತು ಮಾಡಿದ್ದಾಳೆ. ಅವಳು ಹೇಳುವುದು ಸರಿ. ಆದರೆ ಬದಲಿಗೆ ಏನೆಂದು ಮುದ್ದಿಸಲಿ? ‘ಚಿನ್ನ’ ಎಂದರೆ ಒಡವೆ ಸಾಲದ ಜಾಹೀರಾತು ನೆನಪಾಗುತ್ತದೆ.

ನಮ್ಮೂರಿನ ಮೋಟಾರ್ ರಿಪೇರಿಯವರಿಗೆ ಎಳವೆಯಲ್ಲಿ ಪೋಲಿಯೋ ಬಡಿದು ಒಂದು ಕಾಲು ಸೋತಿದೆ. ಬೋರ್‌ವೆಲ್ ಪಂಪು ಸುಟ್ಟರೆ ಸುತ್ತಲಿನ ಹಳ್ಳಿಯವರೆಲ್ಲ ಅವರನ್ನೇ ಹುಡುಕಿಕೊಂಡು ಬರಬೇಕು. ಅವರನ್ನು ಮೊದಲು ಊರು ಏನೆಂದು ಕರೆಯಿತೋ ನಿಮಗೆ ಗೊತ್ತು. ಸರ್ಕಾರದ ಕಾಗದದಲ್ಲಿ ಅವರು ಅಂಗವಿಕಲರಾದರು, ಆಮೇಲೆ ವಿಕಲಚೇತನರಾದರು, ಆಮೇಲೆ ವಿಶೇಷಚೇತನರು. 2015ರ ಡಿಸೆಂಬರ್ 27ರಂದು ಪ್ರಧಾನಿಯವರು ‘ಮನ್ ಕೀ ಬಾತ್’ನಲ್ಲಿ ಸೂಚಿಸಿದ ಮೇಲೆ ದಿವ್ಯಾಂಗರೂ ಆದರು. ಅಂಗವಿಕಲರ ಹಲವು ಸಂಘಟನೆಗಳೇ, ನಮ್ಮ ಅಂಗದಲ್ಲಿ ದಿವ್ಯವಾದ್ದು ಏನೂ ಇಲ್ಲ, ನಮಗೆ ಬೇಕಾದ್ದು ಹಕ್ಕು ಎಂದು ಆಕ್ಷೇಪಿಸಿದವು. ನಮ್ಮ ಮೋಟಾರಣ್ಣ ಸಂಘಟನೆಯಲ್ಲಿಲ್ಲ. ‘ದಿವ್ಯವಾದ ಕಾಲಿದ್ದಿದ್ರೆ ಮರ ಹತ್ತಿ ಎಳನೀರು ಕೆಡವುತಿದ್ದೆ, ಈ ಗ್ರೀಸು ಯಾಕ್ ಬಳ್ಕೊತಿದ್ದೆ’ ಎನ್ನುತ್ತಾರೆ. ಪಿಂಚಣಿ ಕಾಗದಕ್ಕೆ ಅವರು ಹೋಗುವ ಕಚೇರಿಯ ಮುಂದೆ ಕಡಿದಾದ ಮೆಟ್ಟಿಲುಗಳು. ಅವರ ಹೆಸರು ಇಷ್ಟು ಸಲ ಬದಲಾದರೂ ಆ ಮೆಟ್ಟಿಲು ಒಂದಿಂಚು ತಗ್ಗಲಿಲ್ಲ. ‘ಹಳೇ ಹೆಸ್ರಲ್ಲೇ ಕರೀಲಿ, ಒಂದು ಇಳಿಜಾರು ಹಾಕ್ಸಿಕೊಡ್ಲಿ’ ಎಂದು ಅವರೇ ಹೇಳಿದಾಗ ಮೇಷ್ಟ್ರು ‘ನೋಡಿದ್ರಾ!’ ಎಂದು ಗೆದ್ದವರಂತೆ ಗ್ಲಾಸು ಕುಕ್ಕಿದರು. ಮೋಟಾರಣ್ಣ ತಣ್ಣಗೆ, ‘ಹಂಗಂತ ನೀವು ಕರೀಬ್ಯಾಡಿ ಮೇಷ್ಟ್ರೇ. ಇಳಿಜಾರು ಹಾಕ್ಸೋರ್ಗೆ ಮಾತ್ರ ಆ ರಿಯಾಯ್ತಿ’ ಎಂದರು.

ನಮ್ಮ ಕಡೆ ಸುಲಿಯದ ಕಾಯನ್ನು ಅಟ್ಟಕ್ಕೆ ಏರಿಸಿ ಹತ್ತು ಹನ್ನೊಂದು ತಿಂಗಳು ಬಿಡುತ್ತೇವೆ. ಒಳಗಿನ ನೀರೆಲ್ಲ ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಡಗಡ ಎನ್ನುತ್ತದೆ. ಉಂಡೆ ಕೊಬ್ಬರಿ ಸಿದ್ಧ. ಹೊಸ ಪದಗಳ ಹಣೆಬರಹವೂ ಇದೇ. ಇಳಿಸಿದಾಗ ಒಳಗೆ ಮರ್ಯಾದೆಯ ಸಿಹಿನೀರು ತುಂಬಿರುತ್ತದೆ. ಊರಿನ ಅಟ್ಟದ ಮೇಲೆ ಸ್ವಲ್ಪ ಕಾಲ ಬಿದ್ದಿದ್ದರೆ ನೀರು ಆರಿ, ಹಳೆಯ ಬೈಗುಳದ ಸದ್ದೇ ಬರತೊಡಗುತ್ತದೆ. ಬೆಂಗಳೂರಿನ ‘ಲುನಾಟಿಕ್ ಅಸೈಲಂ’ 1925ರಲ್ಲಿ ‘ಮೆಂಟಲ್ ಹಾಸ್ಪಿಟಲ್’ ಆಯಿತು. ಹುಚ್ಚ ಎನ್ನಬಾರದು, ಕಾಯಿಲೆ ಎನ್ನಬೇಕು ಎಂಬ ಒಳ್ಳೆಯ ಉದ್ದೇಶ. ಊರು ‘ಮೆಂಟ್ಲು’ ಎಂಬ ಬೈಗುಳವನ್ನು ಕಲಿಯಿತು. 1974ರಲ್ಲಿ ಅದು ನಿಮ್ಹಾನ್ಸ್ ಆಯಿತು. ದೇಶವಿದೇಶದಲ್ಲಿ ಹೆಸರಾದ ಸಂಸ್ಥೆ, ಸಾವಿರಾರು ಸಂಸಾರಗಳನ್ನು ಉಳಿಸಿದೆ. ನಮ್ಮ ಟೀ ಅಂಗಡಿಯಲ್ಲಿ ಈಗಲೂ ಯಾರಾದರೂ ಕೊಬ್ಬರಿ ಬೆಲೆ ಆಕಾಶಕ್ಕೇರುತ್ತೆ ಎಂದರೆ, ‘ಇವ್ನನ್ನ ನಿಮ್ಹಾನ್ಸಿಗೆ ಸೇರ್ಸ್ರೋ’ ಎನ್ನುತ್ತಾರೆ. ಸ್ಟೀವನ್ ಪಿಂಕರ್ ಎಂಬ ಭಾಷಾಪಂಡಿತರು ಪದಗಳ ಈ ಓಟವನ್ನು, ಎಷ್ಟು ಓಡಿದರೂ ನಿಂತಲ್ಲೇ ಇರಿಸುವ ಟ್ರೆಡ್‌ಮಿಲ್ಲಿಗೆ ಹೋಲಿಸಿದ್ದಾರಂತೆ. ಅವರು ಅಟ್ಟ ಹತ್ತಿದವರಲ್ಲ.

ಆಫೀಸಿನ ಹೆಸರುಗಳದು ಇನ್ನೊಂದು ಸಂಭ್ರಮ. ಶಾನುಭೋಗರು ಹೋಗಿ ಗ್ರಾಮಲೆಕ್ಕಿಗರು ಬಂದರು, ಅವರು ಲೆಕ್ಕಾಧಿಕಾರಿಗಳಾದರು, ಈಗ ಗ್ರಾಮ ಆಡಳಿತ ಅಧಿಕಾರಿಗಳು. ಜಾಡಮಾಲಿ ಪೌರಕಾರ್ಮಿಕರಾದರು. ರೈಲಿನ ಕೊನೆಯ ಡಬ್ಬಿಯಲ್ಲಿ ಹಸಿರು ಬಾವುಟ ಬೀಸುತ್ತಿದ್ದ ಗಾರ್ಡು, ತಮ್ಮನ್ನು ಜನ ಅಂಗಡಿ ಮುಂದಿನ ಸೆಕ್ಯೂರಿಟಿ ಗಾರ್ಡೆಂದು ತಿಳಿಯುತ್ತಾರೆಂದು ವರ್ಷಗಟ್ಟಲೆ ಅಹವಾಲು ಸಲ್ಲಿಸಿ, 2022ರ ಜನವರಿಯಲ್ಲಿ ‘ಟ್ರೈನ್ ಮ್ಯಾನೇಜರ್’ ಆದರು. ನಮ್ಮ ಸ್ಟೇಷನ್ನಿನಲ್ಲಿ ನಿಲ್ಲುವ ರೈಲು ಆಗ ಎಷ್ಟು ತಡವಾಗುತ್ತಿತ್ತೋ ಈಗಲೂ ಅಷ್ಟೇ. ತೆಂಗು ಅಭಿವೃದ್ಧಿ ಮಂಡಳಿಯವರು 2011ರಲ್ಲಿ ಮರ ಹತ್ತುವವರಿಗೆ ತರಬೇತಿ ಶುರು ಮಾಡಿದಾಗ, ಕಲಿತವರನ್ನು ‘ತೆಂಗಿನ ಮರದ ಸ್ನೇಹಿತರು’ ಎಂದು ಕರೆದರು. ಚೆಂದದ ಹೆಸರು. ನಮ್ಮಲ್ಲಿ ಕಾಯಿ ಕೆಡವುವವರೊಬ್ಬರಿಗೆ ಇದನ್ನು ಹೇಳಿದೆ. ‘ಅದ್ರ ತಲೆ ಮೇಲೆ ಕಾಲಿಟ್ಟು ಗೊನೆ ಕಡಿಯೋನು ನಾನು. ಸ್ನೇಹಿತ ಅಂತ ಮರ ಒಪ್ಕೊಂಡದಾ?’ ಎಂದು ಕೇಳಿದರು.

ಇಂಥ ಹೊತ್ತಿನಲ್ಲಿ ನಾನು ಊರಿನ ದೇವಸ್ಥಾನಗಳ ಕಡೆ ಹೋಗಿಬಿಡುತ್ತೇನೆ. ಕಲ್ಲೇಶ್ವರನ ಗುಡಿಯ ಒಳಛಾವಣಿಯಲ್ಲಿ ನಟರಾಜ ಕುಣಿಯುತ್ತಿದ್ದಾನೆ, ಸುತ್ತ ಎಂಟು ದಿಕ್ಕಿನ ಒಡೆಯರು. ಕತ್ತು ನೋಯುವವರೆಗೆ ನೋಡಬಹುದು. ದಿಕ್ಪಾಲಕರಲ್ಲಿ ಇಂದ್ರನಿಗೆ ಆನೆ, ಅಗ್ನಿಗೆ ಟಗರು, ಯಮನಿಗೆ ಕೋಣ. ನಿರೃತಿಗೆ ಮಾತ್ರ ಶಾಸ್ತ್ರ ಕೊಟ್ಟಿರುವ ವಾಹನ ನರ. ಬರೀ ನರ. ಆನೆಗಾದರೂ ಐರಾವತ ಎಂಬ ಹೆಸರಿದೆ, ಹೊತ್ತುಕೊಂಡಿರುವ ಮನುಷ್ಯನಿಗೆ ಹೆಸರಿಲ್ಲ. ಆಚೆ ಕಡೆ ಹೊಯ್ಸಳರ ಚೆನ್ನಕೇಶವನ ಗುಡಿಯಲ್ಲಿ ಹೊನೋಜ ಎಂಬ ಶಿಲ್ಪಿ ತನ್ನ ಹೆಸರನ್ನು ಕಲ್ಲಿನ ಮೇಲೆ ಬಿಟ್ಟುಹೋಗಿದ್ದಾನೆ. ಊರವರು ಬೆನ್ನ ಹಿಂದೆ ಅವನನ್ನು ಏನೆಂದು ಕರೆಯುತ್ತಿದ್ದರೋ, ಉಬ್ಬಲ್ಲೋಜನೋ ಕುಳ್ಳೋಜನೋ, ಈಗ ಅದು ಗಣನೆಗಿಲ್ಲ. ಉಳಿ ಕೈಯಲ್ಲಿದ್ದವನು ತನ್ನ ಹೆಸರನ್ನು ತಾನೇ ಬರೆದ.

ಉಳಿ ಕೈಗೆ ಸಿಗದವರ ವಿಷಯಕ್ಕೆ ಬರೋಣ. ಇಲ್ಲಿಯವರೆಗಿನ ಚರ್ಚೆಯಲ್ಲಿ ನಗುತ್ತಿದ್ದ ಟೀ ಅಂಗಡಿ 2023ರ ಆಗಸ್ಟಿನಲ್ಲಿ ನಗುವುದನ್ನು ನಿಲ್ಲಿಸಿತು. ನಟ ಉಪೇಂದ್ರ ಅವರು ನೇರಪ್ರಸಾರದಲ್ಲಿ ಮಾತಾಡುತ್ತ, ಊರು ಎಂದ ಮೇಲೆ ಏನೋ ಒಂದು ಇದ್ದೇ ಇರುತ್ತದೆ ಎಂಬ ಗಾದೆ ಹೇಳಿಬಿಟ್ಟರು. ಕ್ಷಮೆ ಕೇಳಿದರು. ಆದರೂ ದೌರ್ಜನ್ಯ ತಡೆ ಕಾಯ್ದೆಯಡಿ ಕೇಸಾಯಿತು, ಹೈಕೋರ್ಟು ತಡೆ ಕೊಟ್ಟಿತು. ಆ ಗಾದೆಯನ್ನೂ ನಾನಿಲ್ಲಿ ಬರೆಯುವುದಿಲ್ಲ. ‘ಬಾಯ್ತಪ್ಪಿ ಬಂತು, ಗಾದೆ ತಾನೇ. ಗಾದೆಗೂ ಕೇಸ್ ಹಾಕಿದ್ರೆ ಕನ್ನಡ ಉಳಿಯುತ್ತಾ?’ ಎಂದು ಮೇಷ್ಟ್ರು ಮೇಜು ಗುದ್ದಿದರು.

ನಮ್ಮೂರಿನಂಥ ಊರುಗಳಲ್ಲಿ ಆ ಗಾದೆಯಲ್ಲಿ ಬರುವ ಕೇರಿಯ ಹೆಸರು ಬದಲಾಗಿರುವಷ್ಟು ಬೇರೇನೂ ಬದಲಾಗಿಲ್ಲ. 1920ರ ದಶಕದಲ್ಲಿ ಮೈಸೂರು ಸರ್ಕಾರ ‘ಪಂಚಮ’ ಬಿಟ್ಟು ‘ಆದಿ ಕರ್ನಾಟಕ’ ಎಂದಿತು. ಅದು ಎ.ಕೆ. ಕಾಲೋನಿಯಾಯಿತು. ಗಾಂಧೀಜಿ ‘ಹರಿಜನ’ ಎಂದರು. ಅದು ಬೇಡವೆಂದು ಅಂಬೇಡ್ಕರ್ ಮತ್ತು ಅವರ ಪಕ್ಷದವರು 1938ರಲ್ಲೇ ಬೊಂಬಾಯಿ ಶಾಸನಸಭೆಯಿಂದ ಎದ್ದು ಹೊರನಡೆದಿದ್ದರು. ಕೇಂದ್ರ ಸರ್ಕಾರ ಆ ಪದವನ್ನು ಜಾತಿ ಪ್ರಮಾಣಪತ್ರದಲ್ಲಿ ಬರೆಯಬೇಡಿ ಎಂದದ್ದು 1982ರಲ್ಲಿ. ಆ ಕೇರಿಯವರೇ ಆರಿಸಿಕೊಂಡ ‘ದಲಿತ’ವನ್ನು ಟಿವಿಯವರು ಬಳಸದಿರಿ ಎಂಬ ಸಲಹೆ 2018ರಲ್ಲಿ ಬಂತು. ಈಗ ಕಮಾನಿನ ಮೇಲೆ ಅಂಬೇಡ್ಕರ್ ನಗರ ಎಂದಿದೆ. ನಮ್ಮ ಬೀದಿಯವರ ಬಾಯಲ್ಲಿ ಬರೀ ‘ಕಾಲೋನಿ’. ಆ ಪದವನ್ನು ಅನ್ನುವಾಗ ದನಿ ಅರ್ಧ ಇಳಿಯುತ್ತದೆ, ಬೆಂಗಳೂರಿನಲ್ಲಿ ಸೈಟು ಕೊಂಡ ಕಾಲೋನಿಯನ್ನು ಹೇಳುವಾಗ ಇಳಿಯುವುದಿಲ್ಲ.

ಈಗಿನವರಿಗೆ ಮೈಯ ತುಂಬ ಗಾಯ ಎಂಬ ಮೇಷ್ಟ್ರ ಮಾತಿಗೆ ನನ್ನದೊಂದು ತಕರಾರಿದೆ. ಅವರಿಗೆ ನೆನಪಿಲ್ಲವೆಂದಲ್ಲ, ಅವರು ಆಗ ಮೈಸೂರಿನಲ್ಲೇ ಓದುತ್ತಿದ್ದರು. 1973ರ ನವೆಂಬರ್‌ನಲ್ಲಿ ಅಲ್ಲಿ ದೇವರಾಜ ಅರಸು ಸಂಪುಟದ ಮಂತ್ರಿ ಬಿ. ಬಸವಲಿಂಗಪ್ಪನವರು, ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂಬರ್ಥದ ಮಾತಾಡಿದರು. ಬೂಸಾ! ನಮ್ಮ ಮನೆಯ ಹಸು ದಿನಾ ಎರಡು ಹೊತ್ತು ತಿನ್ನುವ, ಹಾಲಿನ ಡೈರಿಯಲ್ಲಿ ಮೂಟೆಗಟ್ಟಲೆ ಮಾರುವ ಬೂಸಾ. ಅದೊಂದು ಎರಡಕ್ಷರಕ್ಕೆ ನಾಡಿನ ಮೇಲುಜಾತಿಯ ಹುಡುಗರೆಲ್ಲ ಬೀದಿಗಿಳಿದರು, ಹಾಸ್ಟೆಲುಗಳಲ್ಲಿ ದಲಿತ ವಿದ್ಯಾರ್ಥಿಗಳಿಗೆ ಏಟು ಬಿತ್ತು, ಮಂತ್ರಿ ರಾಜೀನಾಮೆ ಕೊಡಬೇಕಾಯಿತು. ಅಂದು ಯಾರೂ ‘ಬಾಯ್ತಪ್ಪಿ ಬಂತು, ಬಿಡ್ರಪ್ಪ’ ಎನ್ನಲಿಲ್ಲ. ಮೈಯೆಲ್ಲ ಗಾಯ ಆಗ ಯಾರಿಗಿತ್ತು? ಎರಡು ವರ್ಷದ ಮೇಲೆ, 1975ರಲ್ಲಿ, ಸಿದ್ಧಲಿಂಗಯ್ಯನವರ ಮೊದಲ ಕವನ ಸಂಕಲನ ಬಂತು, ‘ಹೊಲೆಮಾದಿಗರ ಹಾಡು’. ಊರು ಉಗಿಯಲು ಇಟ್ಟುಕೊಂಡಿದ್ದ ಹೆಸರನ್ನೇ ಅವರು ಪುಸ್ತಕದ ಮೇಲೆ ದಪ್ಪಕ್ಷರದಲ್ಲಿ ಬರೆದುಕೊಂಡರು. ಅವರು ಬರೆದುಕೊಳ್ಳಬಹುದು. ಅದನ್ನು ತೋರಿಸಿ ‘ಹಾಗಾದ್ರೆ ನಾವೂ ಅನ್ನಬಹುದಲ್ಲ’ ಎನ್ನುವವರಿಗೆ ಮೋಟಾರಣ್ಣನ ಉತ್ತರವೇ ಉತ್ತರ.

ಹಳೆಯ ಪದಗಳಿಗಾಗಿ ಮರುಗುವ ನಮ್ಮಲ್ಲಿ ಯಾರೂ ‘ಬುದ್ಧೀ’ ಎಂಬ ಪದಕ್ಕಾಗಿ ಬಾಯಿಬಿಟ್ಟು ಮರುಗುವುದಿಲ್ಲ. ಅಂಗಳದಾಚೆ ನಿಂತು, ಹೆಗಲ ಮೇಲಿನ ಟವೆಲನ್ನು ಕಂಕುಳಿಗೆ ಇಳಿಸಿ, ನರೆತ ತಲೆಯ ಮುದುಕರು ಹತ್ತು ವರ್ಷದ ಹುಡುಗರಾದ ನಮ್ಮನ್ನು ‘ಬುದ್ಧೀ’ ಎನ್ನುತ್ತಿದ್ದರು. ನಮ್ಮ ಮನೆಗಳಿಂದ ಅವರಿಗೆ ಹೋಗುತ್ತಿದ್ದುದು ‘ಬಾರ್ಲಾ, ಹೋಗ್ಲಾ’. ಇದನ್ನು ಯಾವ ಸುತ್ತೋಲೆಯೂ ನಿಲ್ಲಿಸಲಿಲ್ಲ. ಆ ಮುದುಕರಲ್ಲೊಬ್ಬರ ಮೊಮ್ಮಗ ಪಕ್ಕದ ಪಂಚಾಯ್ತಿಗೆ ಪಿಡಿಒ ಆಗಿ ಬಂದ. ಇ-ಸ್ವತ್ತಿಗೆ ಸಹಿ ಅವನದು. ಒಂದೇ ತಿಂಗಳಲ್ಲಿ ನಮ್ಮ ಬೀದಿಯ ಎಲ್ಲರಿಗೂ ಬಹುವಚನ ಬಾಯಿಪಾಠವಾಯಿತು.

ಆ ದಿನ ಮೇಷ್ಟ್ರು ಮೇಜು ಗುದ್ದಿದಾಗ ಅವರ ಹಳೆಯ ಶಿಷ್ಯನೊಬ್ಬ ಪಕ್ಕದ ಬೆಂಚಿನಲ್ಲಿ ಕೂತು ಬನ್ನು ತಿನ್ನುತ್ತಿದ್ದ. ಅಂಬೇಡ್ಕರ್ ನಗರದ ಹುಡುಗ, ಈಗ ಕಾಲೇಜೊಂದರಲ್ಲಿ ಪಾಠ ಹೇಳುತ್ತಾನೆ. ರೈಲಿಗೆ ಇನ್ನೂ ಹೊತ್ತಿತ್ತು. ಅಂದರೆ ಬರುವ ಹೊತ್ತಾಗಿತ್ತು.

‘ಗಾದೆ ಉಳೀಬೇಕು ಅಂತೀರಲ್ಲ ಸಾರ್, ನಂಗೂ ಆಸೇನೇ’ ಎಂದ. ‘ನಮ್ ಕಡೇನೂ ಗಾದೆ ಇದಾವೆ. ನಿಮ್ ಬೀದಿಗೆ ನಮ್ಮಜ್ಜನ ಕಾಲದಿಂದ ಒಂದು ಹೆಸ್ರಿದೆ, ಆ ಹೆಸ್ರಿನ ಮೇಲೇ ಒಂದು ಗಾದೆ. ನಮ್ಮ ನಮ್ಮಲ್ಲಿ ಮಾತ್ರ ಅಂತೀವಿ. ಕನ್ನಡ ಬಾಳ ಚೆನ್ನಾಗಿದೆ ಸಾರ್, ಪ್ರಾಸ ಎಲ್ಲ ಇದೆ. ಹೇಳ್ಲಾ?’

ಮೇಷ್ಟ್ರು ಕೊಡೆ ಎಲ್ಲಿಟ್ಟೆ ಎಂದು ಬೆಂಚಿನ ಕೆಳಗೆ ಹುಡುಕತೊಡಗಿದರು. ಕೊಡೆ ಅವರ ಕೈಯಲ್ಲೇ ಇತ್ತು. ನಾನು ಹೇಳಪ್ಪ ಎಂದೆ. ಹೇಳಿದ. ಹೌದು, ಪ್ರಾಸ ಬಹಳ ಚೆನ್ನಾಗಿದೆ. ನಮ್ಮ ಬೀದಿಯವರು ಓದುವ ಪತ್ರಿಕೆಯಾದ್ದರಿಂದ ಅದನ್ನೂ ಇಲ್ಲಿ ಬರೆಯುವುದಿಲ್ಲ.